ಕಿರುಕುಳದ ದೂರು ಬಂದಾಗ: ಬಾಧಿತರಿಗಿರುವ ಕಾನೂನಿನ ದಾರಿಗಳು ಮತ್ತು ಸದಸ್ಯರ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ)

ಗ್ರಾಮ ಪಂಚಾಯಿತಿ ಸದಸ್ಯರ ಮನೆಬಾಗಿಲಿಗೆ ಬರುವ ದೂರುಗಳೆಲ್ಲವೂ ಕುಡಿಯುವ ನೀರು, ಬೀದಿದೀಪ, ಚರಂಡಿಗೆ ಸಂಬಂಧಿಸಿದವುಗಳಲ್ಲ. ಶಾಲೆಗೆ ಹೋಗುವ ಮಗುವನ್ನು ದಾರಿಯಲ್ಲಿ ಅಡ್ಡಗಟ್ಟಿ ಗೇಲಿ ಮಾಡುವುದು, ಕೂಲಿಗೆ ಬಂದ ಹೆಣ್ಣುಮಗಳನ್ನು ಮಾತಿನಿಂದ ನೋಯಿಸುವುದು, ಜಾತಿ ಹಿಡಿದು ಹೀಯಾಳಿಸುವುದು, ಅಂಗವೈಕಲ್ಯವನ್ನು ಆಡಿಕೊಳ್ಳುವುದು, ಮೊಬೈಲಿನಲ್ಲಿ ಚಿತ್ರ ಹರಿಬಿಟ್ಟು ಮಾನ ಕಳೆಯುವುದು ಇವೂ ಸದಸ್ಯರ ಬಳಿಗೇ ಮೊದಲು ಬರುತ್ತವೆ. ಇವುಗಳನ್ನು ಸಾಮಾನ್ಯವಾಗಿ ‘ಹುಡುಗಾಟ’, ‘ಊರ ವಿಷಯ’ ಎಂದು ಬದಿಗಿಡಲಾಗುತ್ತದೆ. ಇಲ್ಲವೇ ಜಗುಲಿಯ ಮೇಲೆ ಕೂತು ರಾಜಿ ಮಾಡಿ ಮುಗಿಸಲಾಗುತ್ತದೆ. ಬಾಧಿತರಿಗೆ ಕಾನೂನಿನಲ್ಲಿ ಯಾವ ಯಾವ ದಾರಿಗಳಿವೆ, ಆ ದಾರಿಗಳನ್ನು ತೋರಿಸುವಲ್ಲಿ ಸದಸ್ಯರ ಹೊಣೆ ಏನು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

1. ಅಧ್ಯಯನಕ್ಕೊಂದು ಪ್ರಸಂಗ

ಕೆಳಗಿನ ಪ್ರಸಂಗವನ್ನು ಅಧ್ಯಯನಕ್ಕಾಗಿ ಕಲ್ಪಿಸಿಕೊಳ್ಳಲಾಗಿದೆ. ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ಕಡೆ ಊರುಗಳು ಬಿಡಿಬಿಡಿಯಾಗಿ, ಕಾಡಿನಂಚಿನಲ್ಲಿ ಹರಡಿಕೊಂಡಿವೆ. ಅಂಥದೊಂದು ಊರಿನಿಂದ ಎಂಟನೆಯ ತರಗತಿಯ, ಹದಿಮೂರು ವರ್ಷದ ಬಾಲಕಿಯೊಬ್ಬಳು ನಡೆದು ಶಾಲೆಗೆ ಹೋಗುತ್ತಾಳೆ. ಅವಳು ಪರಿಶಿಷ್ಟ ಜಾತಿಗೆ ಸೇರಿದವಳು. ಅದೇ ಶಾಲೆಯ ಇಬ್ಬರು ಹುಡುಗರು ದಿನವೂ ಅವಳ ಚೀಲ ಎಳೆದು, ಬಣ್ಣವನ್ನು ಆಡಿಕೊಂಡು ನಗುತ್ತಾರೆ. ಇಪ್ಪತ್ತು ವರ್ಷದ ಯುವಕನೊಬ್ಬ ಬೈಕಿನಲ್ಲಿ ಹಿಂಬಾಲಿಸುತ್ತಾನೆ. ಒಂದು ದಿನ ಬಸ್ ನಿಲ್ದಾಣದಲ್ಲಿ ನಾಲ್ಕು ಜನರ ಮುಂದೆ ಜಾತಿಯ ಹೆಸರು ಹಿಡಿದು ಬೈಯುತ್ತಾನೆ; ಅವಳ ಚಿತ್ರ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾನೆ. ಬಾಲಕಿ ಶಾಲೆ ಬಿಡುತ್ತಾಳೆ.

ಎರಡು ವಾರದ ನಂತರ ತಂದೆ ಸದಸ್ಯರ ಮನೆಗೆ ಬರುತ್ತಾನೆ. ‘ಮಗಳು ಸ್ಕೂಲಿಗೆ ಹೋಗಲ್ಲ ಅಂತ ಕೂತವ್ಳೆ, ನೀವೇ ಒಂದು ಮಾತು ಹೇಳಿ ಅಣ್ಣಾ’ ಎನ್ನುತ್ತಾನೆ. ಸದಸ್ಯರಿಗೆ ಸಹಜವಾಗಿ ತೋಚುವುದು ಎರಡೂ ಕಡೆಯವರನ್ನು ಕರೆಸಿ, ಯುವಕನಿಂದ ತಪ್ಪಾಯಿತೆಂದು ಹೇಳಿಸಿ, ಒಂದಿಷ್ಟು ದಂಡ ಹಾಕಿ ಕಳುಹಿಸುವುದು. ಮನಸ್ಸಿನಲ್ಲಿ ಕೆಡುಕಿಲ್ಲ. ಆದರೂ ಆ ಬಾಲಕಿ ಮರುದಿನ ಅದೇ ದಾರಿಯಲ್ಲಿ, ಅದೇ ಯುವಕನ ಎದುರು ನಡೆಯಬೇಕಾಗುತ್ತದೆ. ಅವಳು ಶಾಲೆಗೆ ಮರಳುವುದಿಲ್ಲ.

2. ಊರ ರಾಜಿಯ ಮಿತಿ

ಅಪರಾಧವನ್ನು ವಿಚಾರಣೆ ಮಾಡುವ, ಅಪರಾಧಕ್ಕೆ ದಂಡ ವಿಧಿಸುವ ಅಧಿಕಾರ ಗ್ರಾಮ ಪಂಚಾಯಿತಿಗಾಗಲಿ, ಊರ ಹಿರಿಯರಿಗಾಗಲಿ ಇಲ್ಲ. ಹಾಗೆ ದಂಡ ಹಾಕಿದವರೇ ಆರೋಪಿಗಳಾದ ಉದಾಹರಣೆಗಳು ದೂರದಲ್ಲಿಲ್ಲ.

2024ರ ಜನವರಿಯಲ್ಲಿ ನಮ್ಮ ಜಿಲ್ಲೆಯ ತರೀಕೆರೆ ತಾಲ್ಲೂಕಿನ ಗೇರುಮರಡಿ ಗೊಲ್ಲರಹಟ್ಟಿಯಲ್ಲಿ, ಜೆಸಿಬಿ ಕೆಲಸಕ್ಕೆ ಬಂದಿದ್ದ ಪರಿಶಿಷ್ಟ ಜಾತಿಯ ಯುವಕನೊಬ್ಬ ಹಟ್ಟಿಯೊಳಗೆ ಬಂದನೆಂಬ ಕಾರಣಕ್ಕೆ ಹಲ್ಲೆ ನಡೆಸಿ ದಂಡ ವಸೂಲಿ ಮಾಡಲಾಯಿತೆಂದು ದೂರು ದಾಖಲಾಯಿತು. ಪೊಲೀಸರು ದೌರ್ಜನ್ಯ ತಡೆ ಕಾಯ್ದೆಯಡಿ ಪ್ರಕರಣ ದಾಖಲಿಸಿದರು. 2022ರ ಸೆಪ್ಟೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಉತ್ಸವದ ಕೋಲನ್ನು ಮುಟ್ಟಿದನೆಂದು ಪರಿಶಿಷ್ಟ ಜಾತಿಯ ಬಾಲಕನ ಕುಟುಂಬಕ್ಕೆ ಊರಿನ ಸಭೆ 60,000 ರೂಪಾಯಿ ದಂಡ ಹಾಕಿತೆಂಬ ದೂರಿನ ಮೇಲೂ ಇಂಥದೇ ಪ್ರಕರಣ ದಾಖಲಾಯಿತು. ಎರಡೂ ಕಡೆ ಊರು ತನ್ನನ್ನು ತಾನೇ ನ್ಯಾಯಾಲಯವೆಂದು ಭಾವಿಸಿತ್ತು.

ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಆರುಮುಗಂ ಸೇರ್ವೈ ಪ್ರಕರಣದಲ್ಲಿ, ಜಾತಿಯ ಹೆಸರನ್ನು ಅವಮಾನಿಸುವ ಉದ್ದೇಶದಿಂದ ಬಳಸುವುದು ಅಪರಾಧವೆಂದು ಹೇಳಿತು. ಕಟ್ಟೆ ಪಂಚಾಯಿತಿಗಳು ಕಾನೂನುಬಾಹಿರವೆಂದೂ ಸ್ಪಷ್ಟಪಡಿಸಿತು. 2024ರ ನವೆಂಬರ್ 7ರಂದು ರಾಮ್‌ಜಿ ಲಾಲ್ ಬೈರ್ವಾ ಪ್ರಕರಣದಲ್ಲಿ, ಮಗುವಿನ ಮೇಲಿನ ಲೈಂಗಿಕ ಕಿರುಕುಳದ ಮೊಕದ್ದಮೆಯನ್ನು ಮನೆಯವರ ರಾಜಿಯ ಆಧಾರದ ಮೇಲೆ ರದ್ದುಪಡಿಸಲಾಗದೆಂದು ತೀರ್ಪಿತ್ತಿತು. ಮನೆಯವರೇ ಒಪ್ಪಿದರೂ ಮುಚ್ಚಲಾಗದ ಪ್ರಕರಣವನ್ನು ಸದಸ್ಯರು ಜಗುಲಿಯ ಮೇಲೆ ಮುಚ್ಚಲಾಗದು.

ಕೆಲವು ಸಣ್ಣ ಅಪರಾಧಗಳಲ್ಲಿ ರಾಜಿಗೆ ಕಾನೂನೇ ಅವಕಾಶ ಕೊಟ್ಟಿದೆ. ಆದರೆ ಅದು ಬಾಧಿತ ವ್ಯಕ್ತಿಯ ಸ್ವಇಚ್ಛೆಯಿಂದ, ಕಾನೂನು ಹೇಳಿದ ಕ್ರಮದಲ್ಲಿ, ಅಗತ್ಯವಿದ್ದಲ್ಲಿ ನ್ಯಾಯಾಲಯದ ಅನುಮತಿಯೊಂದಿಗೆ ಆಗಬೇಕು. ‘ಊರ ಮಾನ’ದ ಹೆಸರಿನಲ್ಲಿ ಹೇರಿದ ರಾಜಿ ಈ ವರ್ಗಕ್ಕೆ ಸೇರುವುದಿಲ್ಲ.

3. ಪೊಲೀಸ್ ಠಾಣೆಯ ದಾರಿ

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರಲ್ಲಿ ‘ಕಿರುಕುಳ’ ಎಂಬ ಒಂದೇ ಅಪರಾಧವಿಲ್ಲ. ನಡೆದ ಕೃತ್ಯ ಯಾವುದೋ ಅದಕ್ಕೆ ತಕ್ಕ ಕಲಂ ಇದೆ.

• ತಡೆದು ನಿಲ್ಲಿಸುವುದು: ಕಲಂ 126.
• ಹೊಡೆದು ನೋವುಂಟುಮಾಡುವುದು: ಕಲಂ 115.
• ಬೆದರಿಕೆ ಹಾಕುವುದು: ಕಲಂ 351. ಎರಡು ವರ್ಷದವರೆಗೆ ಸೆರೆವಾಸ. ಕೊಲೆ ಅಥವಾ ತೀವ್ರ ಗಾಯದ ಬೆದರಿಕೆಯಾದರೆ ಏಳು ವರ್ಷದವರೆಗೆ.
• ಶಾಂತಿಭಂಗಕ್ಕೆ ಪ್ರಚೋದಿಸುವಂತೆ ಉದ್ದೇಶಪೂರ್ವಕವಾಗಿ ಅವಮಾನಿಸುವುದು: ಕಲಂ 352.
• ಮಹಿಳೆಗೆ ಲೈಂಗಿಕ ಕಿರುಕುಳ: ಕಲಂ 75, ಹಿಂಬಾಲಿಸುವುದು: ಕಲಂ 78, ಮಾತು ಅಥವಾ ಸನ್ನೆಯಿಂದ ಗೌರವಕ್ಕೆ ಧಕ್ಕೆ ತರುವುದು: ಕಲಂ 79.
• ಬೆದರಿಸಿ ಹಣ ಕೀಳುವುದು: ಕಲಂ 308.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ ಸಂಜ್ಞೇಯ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಘಟನೆ ತಮ್ಮ ಸರಹದ್ದಿನಲ್ಲಿ ನಡೆದಿಲ್ಲವೆಂದು ತಿರಸ್ಕರಿಸುವಂತಿಲ್ಲ. ವಿದ್ಯುನ್ಮಾನ ಮಾರ್ಗದಲ್ಲಿ ಕಳುಹಿಸಿದರೆ ಮೂರು ದಿನಗಳೊಳಗೆ ಸಹಿ ಮಾಡಬೇಕು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. ಠಾಣೆಯಲ್ಲಿ ದಾಖಲಿಸದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಲಿಖಿತವಾಗಿ ಕಳುಹಿಸಬಹುದು. ಅಲ್ಲಿಯೂ ಕ್ರಮವಾಗದಿದ್ದರೆ ದಂಡಾಧಿಕಾರಿಗಳ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದು.

ಅವಮಾನ, ಸಾಮಾನ್ಯ ಬೆದರಿಕೆ, ಸಾಮಾನ್ಯ ಹೊಡೆತದಂತಹವು ಅಸಂಜ್ಞೇಯ ವರ್ಗದಲ್ಲಿವೆ. ಇವುಗಳನ್ನು ಪೊಲೀಸರು ದಂಡಾಧಿಕಾರಿಗಳ ಆದೇಶವಿಲ್ಲದೆ ತನಿಖೆ ಮಾಡುವಂತಿಲ್ಲ. ಆದರೆ ಮಾಹಿತಿಯನ್ನು ಪುಸ್ತಕದಲ್ಲಿ ದಾಖಲಿಸಿ, ದೂರುದಾರರನ್ನು ದಂಡಾಧಿಕಾರಿಗಳ ಬಳಿಗೆ ಕಳುಹಿಸಬೇಕು (ಕಲಂ 174). ‘ಕೇಸು ಆಗುವುದಿಲ್ಲ’ ಎಂಬ ಮಾತಿಗೆ ಹಲವು ವೇಳೆ ಇಷ್ಟೇ ಅರ್ಥ, ದಾರಿಯೇ ಇಲ್ಲವೆಂದಲ್ಲ. ಕಿರುಕುಳ ಮುಂದುವರಿದು ಶಾಂತಿಭಂಗವಾಗುವ ಸಂಭವವಿದ್ದರೆ, ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಕಲಂ 126ರಡಿ ಶಾಂತಿ ಕಾಪಾಡುವ ಮುಚ್ಚಳಿಕೆ ಬರೆಸಿಕೊಳ್ಳಲು ಕ್ರಮ ಕೈಗೊಳ್ಳಬಹುದು. ಇದಲ್ಲದೆ ಸಿವಿಲ್ ನ್ಯಾಯಾಲಯದಲ್ಲಿ ನಿರ್ಬಂಧಕಾಜ್ಞೆ ಮತ್ತು ನಷ್ಟಪರಿಹಾರ ಕೋರುವ ಅವಕಾಶವೂ ಇದೆ.

4. ಬಾಧಿತರು ಮಗುವಾಗಿದ್ದಾಗ

ಶಿಕ್ಷಣ ಹಕ್ಕು ಕಾಯ್ದೆ, 2009ರ ಕಲಂ 17 ಮಗುವಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ನಿಷೇಧಿಸುತ್ತದೆ. ಉಲ್ಲಂಘಿಸಿದ ಸಿಬ್ಬಂದಿಯ ಮೇಲೆ ಶಿಸ್ತುಕ್ರಮಕ್ಕೆ ಅವಕಾಶವಿದೆ. ಇದೇ ಕಾಯ್ದೆಯ ‘ಸ್ಥಳೀಯ ಪ್ರಾಧಿಕಾರ’ ಎಂಬ ಪದದ ವ್ಯಾಖ್ಯೆಯಲ್ಲಿ ಪಂಚಾಯಿತಿಯೂ ಸೇರಿರುವುದನ್ನು ಸದಸ್ಯರು ಗಮನಿಸಬೇಕು. ದುರ್ಬಲ ವರ್ಗದ ಮಗು ತಾರತಮ್ಯದಿಂದಾಗಿ ಶಿಕ್ಷಣದಿಂದ ವಂಚಿತವಾಗದಂತೆ ನೋಡಿಕೊಳ್ಳುವುದು, ಮಕ್ಕಳ ಹಾಜರಾತಿಯ ಮೇಲೆ ನಿಗಾ ಇಡುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ (ಕಲಂ 9). ಮಗುವಿನ ಹಕ್ಕಿಗೆ ಸಂಬಂಧಿಸಿದ ಲಿಖಿತ ದೂರನ್ನು ವ್ಯಾಪ್ತಿಯುಳ್ಳ ಸ್ಥಳೀಯ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ಎರಡೂ ಕಡೆಯವರ ಅಹವಾಲು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಅದರ ಮೇಲೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಇದೆ (ಕಲಂ 32). ಆದ್ದರಿಂದ ಶಾಲೆ ಬಿಟ್ಟ ಬಾಲಕಿಯ ವಿಷಯ ಪಂಚಾಯಿತಿಗೆ ಸಂಬಂಧಿಸಿದ್ದಲ್ಲ ಎನ್ನಲಾಗದು. ಮುಖ್ಯ ಶಿಕ್ಷಕರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ದೂರಿನ ಪ್ರತಿ ತಲುಪಬೇಕು.

ಲೈಂಗಿಕ ಉದ್ದೇಶದಿಂದ ಮಗುವನ್ನು ಪದೇ ಪದೇ ಹಿಂಬಾಲಿಸುವುದು, ಅಸಭ್ಯ ಮಾತು ಅಥವಾ ಸನ್ನೆ ಮಾಡುವುದು ಪೋಕ್ಸೊ ಕಾಯ್ದೆ, 2012ರ ಕಲಂ 11 ಮತ್ತು 12ರಡಿ ಮೂರು ವರ್ಷದವರೆಗೆ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಇಲ್ಲಿ ಸದಸ್ಯರ ಪಾಲಿಗೆ ನೇರ ಹೊಣೆಯೊಂದಿದೆ. ಇಂತಹ ಅಪರಾಧ ನಡೆದಿದೆಯೆಂದು ತಿಳಿದ ಯಾವುದೇ ವ್ಯಕ್ತಿ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು (ಕಲಂ 19). ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ, ಅಥವಾ ಎರಡೂ (ಕಲಂ 21). ಮೇಲಿನ ಪ್ರಸಂಗದಲ್ಲಿ ಬೈಕಿನ ಯುವಕನ ವರ್ತನೆ ಈ ಸ್ವರೂಪದ್ದೆಂದು ಕಂಡೂ ರಾಜಿ ಮಾಡಿಸಿ ಕಳುಹಿಸಿದ ಸದಸ್ಯರು ತಾವೇ ಕಾನೂನಿನ ಮುಂದೆ ನಿಲ್ಲಬೇಕಾಗಬಹುದು.

5. ಕಿರುಕುಳ ಕೊಟ್ಟವರೂ ಮಕ್ಕಳಾಗಿದ್ದಾಗ

‘ಕೇಸು ಹಾಕಿದರೆ ಹುಡುಗರ ಬಾಳು ಹಾಳಾಗುತ್ತದೆ’ ಎಂಬುದು ಊರಿನಲ್ಲಿ ಕೇಳಿಬರುವ ಮೊದಲ ಆಕ್ಷೇಪ. ಕಾನೂನು ಈ ಆತಂಕವನ್ನು ಮೊದಲೇ ಗಮನಿಸಿದೆ. ಹದಿನೆಂಟು ವರ್ಷದೊಳಗಿನವರು ಸಾಮಾನ್ಯ ನ್ಯಾಯಾಲಯಕ್ಕಲ್ಲ, ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತಾರೆ. ಬಾಲನ್ಯಾಯ ಕಾಯ್ದೆ, 2015ರ ಕಲಂ 18ರಡಿ ಮಂಡಳಿಯು ಬುದ್ಧಿವಾದ, ಆಪ್ತ ಸಮಾಲೋಚನೆ, ಸಮುದಾಯ ಸೇವೆ, ಪೋಷಕರಿಂದ ಮುಚ್ಚಳಿಕೆ ಮುಂತಾದ ಆದೇಶಗಳನ್ನು ನೀಡಬಹುದು. ಪ್ರತಿ ಠಾಣೆಯಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯೊಬ್ಬರು ಇರಬೇಕು (ಕಲಂ 107). ಏಳು ವರ್ಷದೊಳಗಿನ ಮಗುವಿನ ಯಾವ ಕೃತ್ಯವೂ ಅಪರಾಧವಲ್ಲ.

ಹೀಗಾಗಿ ಚೀಲ ಎಳೆದ ಇಬ್ಬರು ಹುಡುಗರ ವಿಷಯವನ್ನು ಶಾಲೆ, ಪೋಷಕರು ಮತ್ತು ಆಪ್ತ ಸಮಾಲೋಚನೆಯ ಹಂತದಲ್ಲೇ ಸರಿಪಡಿಸಬಹುದಾದ ಸಂದರ್ಭಗಳೇ ಹೆಚ್ಚು. ಯುವಕನ ವಿಷಯ ಹಾಗಲ್ಲ. ಒಂದೇ ಪ್ರಸಂಗದೊಳಗೆ ಇರುವ ಈ ವ್ಯತ್ಯಾಸವನ್ನು ಗುರುತಿಸುವುದೇ ಸದಸ್ಯರಿಂದ ನಿರೀಕ್ಷಿಸುವ ಮುಖ್ಯ ತಿಳಿವಳಿಕೆ.

6. ಜಾತಿ ಮತ್ತು ಅಂಗವೈಕಲ್ಯದ ನಿಂದನೆ

ಪರಿಶಿಷ್ಟ ಜಾತಿ ಅಥವಾ ಪಂಗಡದ ವ್ಯಕ್ತಿಯನ್ನು ಆ ವರ್ಗಕ್ಕೆ ಸೇರದವರು ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳದಲ್ಲಿ ಉದ್ದೇಶಪೂರ್ವಕವಾಗಿ ಅವಮಾನಿಸುವುದು, ಜಾತಿಯ ಹೆಸರಿನಿಂದ ನಿಂದಿಸುವುದು, ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದು ದೌರ್ಜನ್ಯ ತಡೆ ಕಾಯ್ದೆ, 1989ರ ಕಲಂ 3(1)ರಡಿ ಆರು ತಿಂಗಳಿನಿಂದ ಐದು ವರ್ಷದವರೆಗೆ ಸೆರೆವಾಸಕ್ಕೆ ಗುರಿಯಾಗುವ ಅಪರಾಧಗಳು. ಪ್ರಕರಣ ದಾಖಲಿಸುವ ಮೊದಲು ಪ್ರಾಥಮಿಕ ವಿಚಾರಣೆಯ ಅಗತ್ಯವಿಲ್ಲ (ಕಲಂ 18ಎ). ತನಿಖೆಯನ್ನು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ನಡೆಸಬೇಕು. ಬಾಧಿತರಿಗೆ ನಿಯಮಾನುಸಾರ ಪರಿಹಾರಧನವೂ ಇದೆ.

ನಿಂದನೆಯ ಆರೋಪದಲ್ಲಿ ಸ್ಥಳ ಮುಖ್ಯ. ನಾಲ್ಕು ಗೋಡೆಯೊಳಗೆ, ಹೊರಗಿನವರಾರೂ ಇಲ್ಲದಾಗ ಆಡಿದ ಮಾತು ‘ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳ’ದ ಷರತ್ತನ್ನು ಪೂರೈಸದೆಂದು ಸರ್ವೋಚ್ಚ ನ್ಯಾಯಾಲಯ 2020ರ ಹಿತೇಶ್ ವರ್ಮಾ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಘಟನೆ ಎಲ್ಲಿ ನಡೆಯಿತು, ಆಗ ಯಾರು ಯಾರು ಇದ್ದರು, ಬಳಸಿದ ಮಾತು ಯಾವುದು ಎಂಬುದು ದೂರಿನಲ್ಲಿ ಇರಲೇಬೇಕು. ಬಸ್ ನಿಲ್ದಾಣದಲ್ಲಿದ್ದ ನಾಲ್ಕು ಜನ ಇಲ್ಲಿ ಸಾಕ್ಷಿಗಳು.

ಇದೇ ಕಾಯ್ದೆಯ ಕಲಂ 3(1)(ಎಂ) ಸದಸ್ಯರಿಗೇ ಸಂಬಂಧಿಸಿದ್ದು. ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದ ಪಂಚಾಯಿತಿ ಸದಸ್ಯರು ಅಥವಾ ಅಧ್ಯಕ್ಷರನ್ನು ಬೆದರಿಸಿ, ಬಲವಂತಪಡಿಸಿ ಅಥವಾ ಅಡ್ಡಿಪಡಿಸಿ ಕರ್ತವ್ಯ ಮಾಡದಂತೆ ತಡೆಯುವುದು ಅಪರಾಧ. ಅಧ್ಯಕ್ಷೆಗೆ ಕುರ್ಚಿ ಬಿಟ್ಟುಕೊಡದಿರುವುದನ್ನು, ಸಹಿ ಹಾಕಲು ಬೆದರಿಸುವುದನ್ನು ಈ ಬೆಳಕಿನಲ್ಲಿ ನೋಡಬೇಕು.

ವಿಕಲಚೇತನರನ್ನು ಸಾರ್ವಜನಿಕವಾಗಿ ಅವಮಾನಿಸುವ ಉದ್ದೇಶದಿಂದ ನಿಂದಿಸುವುದು ಅಥವಾ ಬೆದರಿಸುವುದು ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಕಲಂ 92ರಡಿ ಆರು ತಿಂಗಳಿನಿಂದ ಐದು ವರ್ಷದವರೆಗೆ ಶಿಕ್ಷಾರ್ಹ. ಅವರ ಮೇಲಿನ ದೌರ್ಜನ್ಯ, ಶೋಷಣೆಯ ಮಾಹಿತಿಯನ್ನು ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೂ ಕೊಡಬಹುದು (ಕಲಂ 7).

7. ಕೆಲಸದ ಸ್ಥಳ, ಕಾಲೇಜು ಮತ್ತು ಮೊಬೈಲ್

ಹತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಕಚೇರಿಯಲ್ಲಿ ಮಹಿಳೆಯರ ಲೈಂಗಿಕ ಕಿರುಕುಳದ ದೂರಿಗಾಗಿ ಆಂತರಿಕ ಸಮಿತಿ ಇರಬೇಕು. ಅದಕ್ಕಿಂತ ಸಣ್ಣ ಸಂಸ್ಥೆಗಳಲ್ಲಿ ದುಡಿಯುವವರು, ಮನೆಗೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮಾಲೀಕನ ಮೇಲೆಯೇ ದೂರಿದ್ದರೂ ಇದೇ ದಾರಿ. 2013ರ ಕಾಯ್ದೆಯಂತೆ ಘಟನೆಯಾದ ಮೂರು ತಿಂಗಳೊಳಗೆ ದೂರು ಸಲ್ಲಿಸಬೇಕು. ಸಕಾರಣವಿದ್ದರೆ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ತೋಟದ ಕೂಲಿಯವರಿಗೆ ಈ ಗಡುವಿನ ವಿಷಯ ತಿಳಿದಿರುವುದು ಅಪರೂಪ. ತಿಳಿಸುವುದು ಸದಸ್ಯರ ಕೆಲಸ.

ಊರಿನಿಂದ ಕಾಲೇಜಿಗೆ, ವಿದ್ಯಾರ್ಥಿನಿಲಯಕ್ಕೆ ಹೋದ ಮಕ್ಕಳಿಗೆ ರ್‍ಯಾಗಿಂಗ್ ವಿರುದ್ಧ ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಾವಳಿ ಇದೆ. ಕರ್ನಾಟಕ ಶಿಕ್ಷಣ ಅಧಿನಿಯಮ, 1983 ಕೂಡ ರ್‍ಯಾಗಿಂಗನ್ನು ನಿಷೇಧಿಸಿದೆ. ಸಹಾಯವಾಣಿ: 1800-180-5522.

ಇನ್ನೊಬ್ಬರ ಗುರುತಿನಲ್ಲಿ ಖಾತೆ ತೆರೆಯುವುದು, ಖಾಸಗಿ ಅಂಗಾಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ಹಂಚುವುದು, ಅಶ್ಲೀಲ ಸಾಮಗ್ರಿ ಹರಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಕಲಂ 66ಸಿ, 66ಇ ಮತ್ತು 67ರಡಿ ಅಪರಾಧಗಳು. ಇಂತಹ ದೂರನ್ನು ಠಾಣೆಯಲ್ಲಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಸಲ್ಲಿಸಬಹುದು. ಮಗುವಿನ ಅಶ್ಲೀಲ ಚಿತ್ರವಾಗಿದ್ದರೆ ‘ಸಾಕ್ಷಿಗಾಗಿ’ ಎಂದು ಕೂಡ ಯಾರಿಗೂ ಮುಂದೆ ಕಳುಹಿಸಬಾರದು. ಹಾಗೆ ರವಾನಿಸುವುದೇ ಕಲಂ 67ಬಿ ಅಡಿ ಅಪರಾಧ. ಚಿತ್ರವಿರುವ ಮೊಬೈಲನ್ನು ಹಾಗೆಯೇ ಪೊಲೀಸರಿಗೆ ತೋರಿಸುವುದು ಸರಿಯಾದ ಕ್ರಮ.

8. ಸದಸ್ಯರು ಅನುಸರಿಸಬೇಕಾದ ಕ್ರಮ

(ಅ) ಬಾಧಿತರ ಮಾತನ್ನು ಎದುರು ಪಕ್ಷದವರಿಲ್ಲದ ಜಾಗದಲ್ಲಿ ಪೂರ್ತಿಯಾಗಿ ಕೇಳಬೇಕು. ‘ನೀನೇನು ಮಾಡಿದ್ದೆ’ ಎಂಬ ಪ್ರಶ್ನೆಯಿಂದ ಆರಂಭಿಸಬಾರದು.

(ಆ) ದಿನಾಂಕ, ಸಮಯ, ಸ್ಥಳ, ಆಡಿದ ಮಾತು, ಅಲ್ಲಿದ್ದವರು ಈ ಐದು ವಿವರಗಳನ್ನು ಬಾಧಿತರ ಮಾತಿನಲ್ಲಿಯೇ ಬರೆಸಬೇಕು. ಸಂದೇಶ, ಚಿತ್ರ, ಕರೆಯ ದಾಖಲೆಗಳನ್ನು ಅಳಿಸದಂತೆ ತಿಳಿಸಬೇಕು.

(ಇ) ಮಗುವಿನ ಹೆಸರು, ಶಾಲೆ, ವಿಳಾಸ ಸಭೆಯ ನಡವಳಿಯಲ್ಲಾಗಲಿ, ಗ್ರಾಮ ಸಭೆಯಲ್ಲಾಗಲಿ, ವಾಟ್ಸ್ಆ್ಯಪ್ ಗುಂಪಿನಲ್ಲಾಗಲಿ ಬರಬಾರದು. ಬಾಲನ್ಯಾಯ ಕಾಯ್ದೆಯ ಕಲಂ 74 ಮಗುವಿನ ಗುರುತು ಬಹಿರಂಗಪಡಿಸುವುದನ್ನು ನಿಷೇಧಿಸಿದೆ. ಇದು ಆರೋಪಕ್ಕೊಳಗಾದ ಮಗುವಿಗೂ ಅನ್ವಯಿಸುತ್ತದೆ.

(ಈ) ಉಚಿತ ಕಾನೂನು ನೆರವಿನ ಮಾಹಿತಿ ಕೊಡಬೇಕು. ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮ, 1987ರ ಕಲಂ 12ರಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ವಿಕಲಚೇತನರು ಆದಾಯದ ಮಿತಿಯಿಲ್ಲದೆ ಈ ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿ ಆಯಾ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲಿದೆ.

(ಉ) ಬಾಧಿತರು ಬಯಸಿದರೆ ಠಾಣೆಗೆ ಅಥವಾ ಕಚೇರಿಗೆ ಜೊತೆಯಲ್ಲಿ ಹೋಗಬೇಕು. ಒಂಟಿಯಾಗಿ ಹೋದವರ ದೂರು ಬಾಗಿಲಿನಲ್ಲೇ ನಿಲ್ಲುವ ಸಂಭವ ಹೆಚ್ಚು.

(ಊ) ದೂರು ಕೊಟ್ಟ ನಂತರ ಹದಿನೈದು ದಿನಕ್ಕೊಮ್ಮೆ ವಿಚಾರಿಸಬೇಕು. ಮಗು ಶಾಲೆಗೆ ಮರಳಿತೇ ಎಂಬುದನ್ನು ಹಾಜರಾತಿಯಿಂದ ಖಚಿತಪಡಿಸಿಕೊಳ್ಳಬೇಕು.

ಪಂಚಾಯಿತಿಯೊಳಗೆ ಇದಕ್ಕೆ ವೇದಿಕೆಗಳಿವೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಕಲಂ 61ರಡಿ ರಚನೆಯಾಗುವ ಸಾಮಾಜಿಕ ನ್ಯಾಯ ಸಮಿತಿಯ ಕರ್ತವ್ಯಗಳಲ್ಲಿ ದುರ್ಬಲ ವರ್ಗದವರನ್ನು ಸಾಮಾಜಿಕ ಅನ್ಯಾಯದಿಂದ ರಕ್ಷಿಸುವುದೂ, ಮಹಿಳೆಯರ ಮತ್ತು ಮಕ್ಕಳ ಕಲ್ಯಾಣವೂ ಸೇರಿವೆ. ಪ್ರತಿ ವರ್ಷ ನಡೆಯುವ ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ತಮ್ಮ ತೊಂದರೆಗಳನ್ನು ಹೇಳಿಕೊಳ್ಳುತ್ತಾರೆ. ಶಾಲೆಯ ದಾರಿಯಲ್ಲಿ ಬೀದಿದೀಪವಿಲ್ಲದ ತಿರುವು, ಬಸ್ ನಿಲ್ದಾಣದ ಹಿಂದಿನ ಪಾಳು ಜಾಗ ಇಂತಹ ವಿಷಯಗಳು ಅಲ್ಲಿ ಬಂದಾಗ ಅವುಗಳ ಹಿಂದೆ ಕಿರುಕುಳದ ಕಥೆಯಿರಬಹುದೆಂದು ಸದಸ್ಯರು ಊಹಿಸಬೇಕು. ದೀಪ ಹಾಕಿಸುವುದು, ಪಾಳು ಜಾಗ ತೆರವುಗೊಳಿಸುವುದು ಪಂಚಾಯಿತಿಯ ಕೈಯಲ್ಲೇ ಇರುವ ಕೆಲಸ.

9. ನೆನಪಿಡಬೇಕಾದ ದೂರವಾಣಿ ಸಂಖ್ಯೆಗಳು

ತುರ್ತು ನೆರವು 112. ಮಕ್ಕಳ ಸಹಾಯವಾಣಿ 1098. ಮಹಿಳಾ ಸಹಾಯವಾಣಿ 181. ಉಚಿತ ಕಾನೂನು ನೆರವು 15100. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ವಿರುದ್ಧದ ಸಹಾಯವಾಣಿ 14566. ಇವುಗಳನ್ನು ಪಂಚಾಯಿತಿ ಕಚೇರಿ, ಶಾಲೆ, ಅಂಗನವಾಡಿ, ಗ್ರಂಥಾಲಯ ಮತ್ತು ಬಸ್ ನಿಲ್ದಾಣದ ಗೋಡೆಯ ಮೇಲೆ ಮಕ್ಕಳ ಕಣ್ಣಿಗೆ ನಿಲುಕುವ ಎತ್ತರದಲ್ಲಿ ಬರೆಸುವುದು ಸೂಕ್ತ.

10. ಚರ್ಚೆಗೆ

• ಮೇಲಿನ ಪ್ರಸಂಗದಲ್ಲಿ ಯಾವ ಕೃತ್ಯ ಶಾಲೆಯ ಹಂತದಲ್ಲಿ ಬಗೆಹರಿಯಬಹುದು, ಯಾವುದನ್ನು ಪೊಲೀಸರಿಗೆ ತಿಳಿಸಲೇಬೇಕು?
• ಬಾಲಕಿಯ ತಂದೆಯೇ ‘ದೂರು ಬೇಡ, ಮರ್ಯಾದೆ ಹೋಗುತ್ತದೆ’ ಎಂದರೆ ಸದಸ್ಯರು ಏನು ಹೇಳಬೇಕು?
• ಕಿರುಕುಳ ಕೊಟ್ಟವನು ಸದಸ್ಯರ ಬಂಧುವೇ ಆಗಿದ್ದರೆ ದೂರನ್ನು ಯಾರು ಸ್ವೀಕರಿಸಬೇಕು?
• ತಮ್ಮ ಪಂಚಾಯಿತಿಯಲ್ಲಿ ಕಳೆದ ಒಂದು ವರ್ಷದಲ್ಲಿ ಶಾಲೆ ಬಿಟ್ಟ ಮಕ್ಕಳೆಷ್ಟು? ಕಾರಣವನ್ನು ಯಾರಾದರೂ ಮಕ್ಕಳನ್ನೇ ಕೇಳಿದ್ದಾರೆಯೇ?

ಈ ಪ್ರಶ್ನೆಗಳನ್ನು ಸಾಮಾಜಿಕ ನ್ಯಾಯ ಸಮಿತಿಯ ಮುಂದಿನ ಸಭೆಯಲ್ಲಿ ಓದಿ ಚರ್ಚಿಸುವುದು. ದೂರು ತಂದವರಿಗೆ ತೀರ್ಪು ಕೊಡುವುದು ಸದಸ್ಯರ ಕೆಲಸವಲ್ಲ. ದೂರನ್ನು ಸರಿಯಾಗಿ ಬರೆಸಿ, ಸರಿಯಾದ ಬಾಗಿಲಿಗೆ ಮುಟ್ಟಿಸಿ, ಆ ಬಾಗಿಲು ತೆರೆಯುವವರೆಗೆ ಜೊತೆಗಿರುವುದು ಅವರ ಕೆಲಸ. ಆ ಬಾಲಕಿ ಮತ್ತೆ ಪುಸ್ತಕದ ಚೀಲ ಹೊತ್ತು ಶಾಲೆಯ ದಾರಿ ಹಿಡಿದಾಗಲೇ ದೂರು ಮುಗಿಯಿತೆಂದು ಭಾವಿಸಬೇಕು.